ಗಾಜು ಕೈಯಲ್ಲಿರುವಾಗ

ನಮ್ಮ ಅಮ್ಮನಿಗೆ ಬೀದಿಯವರು ಇಟ್ಟ ಹೆಸರು ಅಂಚೆಯಕ್ಕ. ಎದುರಿನ ಬೀಗದಂಗಡಿಯವನು ಒಂದು ದಿನ ತಮಾಷೆಗೆ ಹಾಗೆ ಕರೆದ, ಅದೇ ಅಂಟಿಕೊಂಡಿತು. ಅಮ್ಮ ನಕ್ಕು ಸುಮ್ಮನಾದಳು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಒಂದೇ ಅಂಗಡಿಯಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತ ಇಬ್ಬರು ಗಂಡಸರ ನಡುವೆ ವರ್ಷಗಟ್ಟಲೆ ಮಾತು ಹೊರುವುದು ನಗುವ ಸಂಗತಿಯೇ?

ಆ ಇಬ್ಬರು ನಮ್ಮ ಅಪ್ಪ ಮತ್ತು ಚಿಕ್ಕಪ್ಪ, ಒಡಹುಟ್ಟಿದವರು. ಕೆಳಗೆ ಗಾಜಿನ ಅಂಗಡಿ, ಮೇಲೆ ನಮ್ಮ ಮನೆ, ಹಿಂದಿನ ಬೀದಿಯಲ್ಲಿ ಚಿಕ್ಕಪ್ಪನ ಮನೆ. ಅಪ್ಪ ಕಂಬಳಿ ಹಾಸಿದ ಮೇಜಿನ ಮೇಲೆ ಗಾಜು ಮಲಗಿಸಿ, ಕಟರಿನ ಸಣ್ಣ ಗಾಲಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಗೆರೆ ಎಳೆಯುತ್ತಿದ್ದರು. ಚಿಕ್ಕಪ್ಪ ಕಲ್ಲಿನ ಮೇಲೆ ನೀರು ಬಿಟ್ಟುಕೊಂಡು ಅಂಚು ಉಜ್ಜುತ್ತಿದ್ದರು. ಅವರ ಬಲಗೈಯ ಎರಡು ಬೆರಳು ಮಡಚುವುದಿಲ್ಲ, ಕಟರ್ ಹಿಡಿಯಲು ಆಗುವುದಿಲ್ಲ. ಅಪ್ಪನಿಗೆ ದೊಡ್ಡ ಗಾಜು ಒಬ್ಬರೇ ಹೊರಲು ಆಗುತ್ತಿರಲಿಲ್ಲ. ಹಾಗಾಗಿ ಇಬ್ಬರೂ ಬೇರೆಯಾಗುವ ಹಾಗಿರಲಿಲ್ಲ. ಮಾತಂತೂ ಇರಲೇ ಇಲ್ಲ.

ಎಲ್ಲಕ್ಕೂ ಕಾರಣ ಒಂದು ಕನ್ನಡಿ. ಬಟ್ಟೆ ಅಂಗಡಿಯೊಂದರ ಮಹಡಿಗೆ ಆಳೆತ್ತರದ ಕನ್ನಡಿ ಒಯ್ಯುತ್ತಿದ್ದರು. ಅಪ್ಪ ಮೇಲಿನ ಮೆಟ್ಟಿಲಲ್ಲಿ ಹಿಮ್ಮುಖವಾಗಿ ಹತ್ತುತ್ತಿದ್ದರು, ಚಿಕ್ಕಪ್ಪ ಕೆಳಗಿನಿಂದ ಭಾರ ತಾಳಿಕೊಂಡಿದ್ದರು. ಮೆಟ್ಟಿಲು ತಿರುಗುವ ಕಡೆ ಕನ್ನಡಿ ಕೈತಪ್ಪಿ ಚಿಕ್ಕಪ್ಪನ ಅಂಗೈ ಸೀಳಿಹೋಯಿತು. ನಾನು ನಿಲ್ಲು ಅಂದೆ, ಅವನು ಕೇಳದೆ ಕಾಲು ಮುಂದಿಟ್ಟ ಅನ್ನುವುದು ಅಪ್ಪನ ಮಾತು. ನಿಲ್ಲು ಅನ್ನುವ ಮಾತೇ ಬರಲಿಲ್ಲ, ಅಣ್ಣ ಕೈ ಬಿಟ್ಟ ಅನ್ನುವುದು ಚಿಕ್ಕಪ್ಪನದು. ಅಲ್ಲಿ ಮೂರನೆಯವರು ಯಾರೂ ಇರಲಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಸುಳ್ಳುಗಾರರಾಗಿದ್ದರೆ ಎಂದೋ ಬಗೆಹರಿಯುತ್ತಿತ್ತು. ಇಬ್ಬರೂ ಅಲ್ಲ.

ಗಾಜು ಕೈಯಲ್ಲಿರುವಾಗ ಒಬ್ಬರ ಬಾಯಿ ಮಾತ್ರ ಆಡಬೇಕು, ಉಳಿದವರು ಸೊಲ್ಲೆತ್ತಬಾರದು. ಇದು ನಮ್ಮ ಕಸುಬಿನ ಮೊದಲ ಪಾಠ. ಆ ಕನ್ನಡಿ ಒಡೆದ ಮೇಲೆ ಆ ಬಾಯಿ ಅಮ್ಮನದಾಯಿತು. ಇಬ್ಬರೂ ಗಾಜು ಎತ್ತಿಕೊಂಡು ಬೀದಿಗಿಳಿದರೆ ಪಕ್ಕದಲ್ಲಿ ಅಮ್ಮ. ಮೆಟ್ಟಿಲು, ಎಡಕ್ಕೆ, ಗುಂಡಿ ಇದೆ, ನಿಲ್ಲಿ, ಇಳಿಸಿ. ಅಂಗಡಿಯೊಳಗೂ ಅದೇ ಕತೆ. ದಪ್ಪ ಗಾಜು ತೆಗೆಯಲು ಅವನಿಗೆ ಹೇಳು ಅನ್ನುತ್ತಿದ್ದರು ಅಪ್ಪ. ಚಿಕ್ಕಪ್ಪನ ಕಿವಿ ಏನೂ ಕೆಟ್ಟಿರಲಿಲ್ಲ. ಆದರೂ ಅಮ್ಮ ತಿರುಗಿ ಹೇಳುವವರೆಗೆ ಕಂಬದ ಹಾಗೆ ನಿಂತಿರುತ್ತಿದ್ದರು. ಕತ್ತೆ ಥರ ನಿಂತಿದ್ದಾನೆ ಅಂತ ಹೇಳು ಎಂದು ಅಪ್ಪ ಗೊಣಗಿದರೆ, ಅಮ್ಮ ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ "ಕತ್ತೆ ಥರ ನಿಂತಿದ್ದೀಯಂತೆ" ಅನ್ನುತ್ತಿದ್ದಳು. ಅಂಗಡಿಗೆ ಬಂದ ಗಿರಾಕಿ ಬಾಯಿ ಮುಚ್ಚಿಕೊಂಡು ಹೊರಗೆ ಹೋಗಿ ನಗುತ್ತಿದ್ದ.

ಸ್ವಲ್ಪ ಸಕ್ಕರೆ ಹಚ್ಚಿ ಹೇಳಬಾರದಾ ಎಂದು ನಾನು ಎಷ್ಟೋ ಸಲ ಬೈದಿದ್ದೇನೆ.

"ಒಂದು ಮಾತು ನಾನು ಬದಲಾಯಿಸಿದೆ ಅಂತ ಗೊತ್ತಾದ್ರೆ ಆಮೇಲೆ ನನ್ನ ಯಾವ ಮಾತನ್ನೂ ನಂಬಲ್ಲ ಪುಟ್ಟಿ" ಅನ್ನುತ್ತಿದ್ದಳು. "ನಿಲ್ಲಿ ಅಂದ್ರೆ ನಿಲ್ಲಬೇಕಲ್ಲ ಅವರು."

ನಾವು ಕ್ರೈಸ್ತರು, ಬೈಬಲಿನ ವಾಕ್ಯ ಕೇಳಿ ಬೆಳೆದವರು. ಅಪ್ಪ ಊಟವಾದ ಮೇಲೆ ಒಂದು ಅಧ್ಯಾಯ ಓದದೆ ತಟ್ಟೆ ಎತ್ತಲು ಬಿಡುತ್ತಿರಲಿಲ್ಲ. ಓದಿದ್ದನ್ನು ಬದುಕಬೇಕು, ಇಲ್ಲದಿದ್ದರೆ ಕಾಗದ ದಂಡ ಅನ್ನುತ್ತಿದ್ದರು. ಅವರು ಬದುಕಿದ್ದು ನಿಜ. ನಿನ್ನ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ಸಮಾಧಾನ ಮಾಡಿಕೋ ಎಂದಿದೆಯಲ್ಲ, ಅಪ್ಪ ಅದನ್ನು ಅಕ್ಷರಕ್ಕೆ ಅಕ್ಷರ ಹಿಡಿದರು. ಸಮಾಧಾನ ಆಗಿರಲಿಲ್ಲ. ಹಾಗಾಗಿ ಅಂದಿನಿಂದ, ಯೇಸುವಿನ ನೆನಪಿಗೆ ನಡೆಯುವ ಪ್ರಭುಭೋಜನದ ಭಾನುವಾರ ಬಂದರೆ ಚರ್ಚಿನಲ್ಲಿ ಸಭೆಯ ಕೊನೆಯ ಬೆಂಚಿಗೆ ಹೋಗಿ ಕೂರುತ್ತಿದ್ದರು. ರೊಟ್ಟಿಯ ತಟ್ಟೆ, ದ್ರಾಕ್ಷಾರಸದ ಬಟ್ಟಲು ಬಂದಾಗ ಮುಟ್ಟದೆ ಪಕ್ಕಕ್ಕೆ ದಾಟಿಸುತ್ತಿದ್ದರು. ದಾಟಿಸುವಾಗ ಅವರ ಗಂಟಲು ಏರಿ ಇಳಿಯುವುದನ್ನು ನಾನು ನೋಡಿದ್ದೇನೆ. ಹಸಿದ ಮನುಷ್ಯ ಬೇರೆಯವರಿಗೆ ಬಡಿಸುವ ಹಾಗೆ ಇತ್ತು ಅದು.

ಚಿಕ್ಕಪ್ಪನೂ ವಾಕ್ಯದ ಜನವೇ. ತಪ್ಪು ಮಾಡಿದವನು ಬಂದು ಪಶ್ಚಾತ್ತಾಪಪಟ್ಟರೆ ದಿನಕ್ಕೆ ಏಳು ಸಲವಾದರೂ ಕ್ಷಮಿಸುತ್ತೇನೆ, ಆದರೆ ಅವನು ಬರಬೇಕು, ಬಾಯಿಬಿಟ್ಟು ಹೇಳಬೇಕು ಎಂದು ಹಠಕ್ಕೆ ಬಿದ್ದಿದ್ದರು. ಅಪ್ಪನ ಕೈಗೂ ಒಂದು ವಾಕ್ಯ ಸಿಕ್ಕಿತ್ತು, ಹೌದಾದರೆ ಹೌದು ಅನ್ನಬೇಕು, ಅಲ್ಲವಾದರೆ ಅಲ್ಲ ಅನ್ನಬೇಕು. ಮಾಡದ್ದನ್ನು ಮಾಡಿದೆ ಅನ್ನುವುದು ಅವರಿಂದ ಆಗದ ಮಾತು. ಹೀಗೆ ಒಂದೇ ಪುಸ್ತಕದ ಎರಡು ಪುಟ ಹಿಡಿದುಕೊಂಡು ಇಬ್ಬರೂ ತಲೆ ನರೆಯುವವರೆಗೆ ಕೂತರು. ನನಗೆ ಆ ಪುಟಗಳ ಮೇಲಲ್ಲ, ಹಿಡಿದ ಕೈಗಳ ಮೇಲೆ ಸಿಟ್ಟು.

ಆಮೇಲೆ ಅಪ್ಪನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ವೈದ್ಯರು ಹೊಟ್ಟೆ ತೆರೆದು ನೋಡಿ, ಹಾಗೇ ಹೊಲಿದು ಮನೆಗೆ ಕಳಿಸಿದರು. ಮೇಲಿನ ಕೋಣೆಯಲ್ಲಿ, ಬೀದಿಯ ಕಿಟಕಿಗೆ ಮಂಚ ತಾಗಿಸಿ ಮಲಗಿಸಿದೆವು. ಆ ಕಿಟಕಿಯ ಗಾಜು ಅವರೇ ಕತ್ತರಿಸಿ ಕೂರಿಸಿದ್ದು. ಕೆಳಗೆ ಚಿಕ್ಕಪ್ಪ ಒಬ್ಬ ಕೂಲಿಯವನನ್ನು ಇಟ್ಟುಕೊಂಡು, ಕತ್ತರಿಸಿದ ಗಾಜು ತರಿಸಿ ಅಂಗಡಿ ನಡೆಸುತ್ತಿದ್ದರು. ಕೂಲಿಯವನು ಹೊಸಬ, ಹೊರುವಾಗ ಈಗಲೂ ಅಮ್ಮನೇ ಪಕ್ಕದಲ್ಲಿ ನಡೆಯಬೇಕಿತ್ತು.

ಅಪ್ಪನಿಗೆ ಈಗ ಇದ್ದದ್ದು ಒಂದೇ ಆಸೆ. ಸಾಯುವ ಮೊದಲು ಒಂದು ಸಲ ಪ್ರಭುಭೋಜನ ತೆಗೆದುಕೊಳ್ಳಬೇಕು. ಪಾದ್ರಿಗಳು ಬಂದು, ಈ ಸ್ಥಿತಿಯಲ್ಲಿ ದೇವರು ಲೆಕ್ಕ ಕೇಳುವುದಿಲ್ಲ, ನಾನೇ ಇಲ್ಲಿಗೆ ತರುತ್ತೇನೆ ಅಂದರು. ಅಪ್ಪ ತಲೆಯಾಡಿಸಿದರು. ತಮ್ಮನೊಡನೆ ಸಮಾಧಾನ ಆಗದೆ ಬೇಡ ಅಂದರು. ಅಮ್ಮ ಕೆಳಗೆ ಹೋಗಿ ಹೇಳಿದಳು. ಕೈ ಬಿಟ್ಟೆ ಅಂತ ಒಂದು ಮಾತು ಅನ್ನಲಿ, ಓಡಿ ಬರುತ್ತೇನೆ ಅಂದರು ಚಿಕ್ಕಪ್ಪ. ಅಮ್ಮ ಅದನ್ನೂ ಇದ್ದ ಹಾಗೇ ತಂದು ಒಪ್ಪಿಸಿದಳು.

"ಬಿಡದ ಕೈಯನ್ನ ಬಿಟ್ಟೆ ಅಂತ ಹೇಗೆ ಹೇಳ್ಲಿ?" ಅಂದರು ಅಪ್ಪ. "ಸುಳ್ಳು ಹೇಳಿ ಅದೇ ಬಾಯಿಗೆ ಪ್ರಭುವಿನ ರೊಟ್ಟಿ ಇಟ್ಕೊಳ್ಲಾ?"

ಹೀಗೆ ಎಷ್ಟು ದಿನ ಅಮ್ಮ ಮೆಟ್ಟಿಲು ಹತ್ತಿ ಇಳಿದಳೋ. ಅಪ್ಪ ದಿನದಿಂದ ದಿನಕ್ಕೆ ಸೊರಗಿ ಮಂಚದ ಮೇಲೆ ಬರೀ ಹೊದಿಕೆ ಹರಡಿದ ಹಾಗೆ ಕಾಣತೊಡಗಿದರು. ಒಂದು ಮಧ್ಯಾಹ್ನ ಅಮ್ಮ ಮೇಲೆ ಬಂದವಳು ಚಪ್ಪಲಿ ಬಿಡಲು ಬಹಳ ಹೊತ್ತು ಮಾಡಿದಳು. ಕೈ ತೊಳೆದಳು. ಸೆರಗಿಗೆ ಒರೆಸಿಕೊಂಡು ಮಂಚದ ಪಕ್ಕ ಕೂತಳು.

"ಅವನು ಒಪ್ಕೊಂಡ" ಅಂದಳು. "ನೀವು ನಿಲ್ಲು ಅಂದದ್ದು ಕೇಳಿಸಿತ್ತಂತೆ. ಕೇಳಿಸಿಯೂ ಕಾಲಿಟ್ಟೆ, ತಪ್ಪು ನಂದೇ ಅಂದ."

ಅಪ್ಪ ಅಮ್ಮನ ಮುಖ ನೋಡಿದರು. ಸಂಶಯದಿಂದ ಅಲ್ಲ. ಕತ್ತೆ ಅಂದದ್ದನ್ನು ಕತ್ತೆ ಎಂದೇ ಹೊತ್ತವಳು, ಅವಳ ಮೇಲೆ ಸಂಶಯ ಎಲ್ಲಿಂದ ಬರಬೇಕು? ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳಲು ಶುರುಮಾಡಿದರು. ನಾನೂ ಅತ್ತೆ. ಅಂತೂ ಚಿಕ್ಕಪ್ಪ ಮನುಷ್ಯರಾದರಲ್ಲ ಅಂದುಕೊಂಡೆ. ಸಂಜೆ ಪಾದ್ರಿಗಳು ಬಂದರು. ಅಪ್ಪ ದಿಂಬಿಗೆ ಒರಗಿ ಕೂತು ರೊಟ್ಟಿಯ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡು ಎಷ್ಟೋ ಹೊತ್ತು ನುಂಗಲೇ ಇಲ್ಲ. ಅಷ್ಟು ನೆಮ್ಮದಿಯ ಮುಖ ನಾನು ಅವರಲ್ಲಿ ಎಂದೂ ಕಂಡಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಾನು ಬಟ್ಟಲಿಗೆ ಕೈ ಚಾಚಲಿಲ್ಲ. ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು.

ಅಲ್ಲಿಗೇ ಮುಗಿದಿದ್ದರೆ. ತಮ್ಮನನ್ನು ನೋಡಬೇಕು, ಕರೆದು ತಾ ಅಂದರು ಅಪ್ಪ. ಈಗ ಅಮ್ಮನಿಗೆ ಅತ್ತ ಕಡೆಗೂ ಒಂದು ಸುಳ್ಳು ಬೇಕಾಯಿತು. ಕೈ ಜಾರಿದ್ದು ನಿಜ ಎಂದು ನಿಮ್ಮಣ್ಣ ಒಪ್ಪಿದರು, ಆದರೆ ಅವರಿಗೆ ಆಯಾಸ, ಆ ಮಾತು ಎತ್ತಬೇಡ, ಸುಮ್ಮನೆ ಬಂದು ಪಕ್ಕದಲ್ಲಿ ಕೂತು ಹೋಗು ಎಂದು ಬೇಡಿಕೊಂಡಳಂತೆ. ಚಿಕ್ಕಪ್ಪ ಹೂಂ ಅಂದರಂತೆ. ಆದರೆ ಕ್ಷಮಿಸುವ ಮನುಷ್ಯನಿಗೆ ಬಾಯಿ ಕಟ್ಟುವುದು ಸುಲಭವೇ? ಅಷ್ಟು ವರ್ಷ ಕೂಡಿಟ್ಟ ಕ್ಷಮೆ, ಅದನ್ನು ಕೈಯಾರೆ ಕೊಡಬೇಕಲ್ಲ.

ಚಿಕ್ಕಪ್ಪ ಬಂದು, ಮಂಚದ ಅಂಚಿನಲ್ಲಿ ಕೂತು, ಮಡಚದ ಬೆರಳಿನ ಕೈಯನ್ನು ಅಪ್ಪನ ಎದೆಯ ಮೇಲಿಟ್ಟರು.

"ಅಣ್ಣ, ಕೈ ಬಿಟ್ಟೆ ಅಂತ ಒಪ್ಕೊಂಡ್ಯಲ್ಲ, ಅಷ್ಟು ಸಾಕು. ನಾನು ಪೂರ್ತಿ ಕ್ಷಮಿಸಿದ್ದೀನಿ."

ಅಪ್ಪ ಕಣ್ಣು ಪಿಳಿಪಿಳಿ ಮಾಡಿದರು. "ನಾನೆಲ್ಲಿ ಒಪ್ಕೊಂಡೆ? ನಿಲ್ಲು ಅಂದದ್ದು ಕೇಳಿಸಿತ್ತು ಅಂತ ನೀನಲ್ವಾ ಹೇಳಿ ಕಳಿಸಿದ್ದು?"

ಆಮೇಲೆ ಇಬ್ಬರೂ ಒಟ್ಟಿಗೇ ತಲೆ ತಿರುಗಿಸಿ ಅಮ್ಮನ ಕಡೆ ನೋಡಿದರು. ಅವಳು ಹಾಲಿನ ಲೋಟ ಹಿಡಿದು ನಿಂತಿದ್ದಳು. ನೀನೇ ಕಟ್ಟಿದ ಮಾತಾ, ಹೌದು ಇಲ್ಲವೇ ಅಲ್ಲ, ಒಂದೇ ಮಾತಿನಲ್ಲಿ ಹೇಳು ಅಂದರು ಅಪ್ಪ.

"ಹೌದು" ಅಂದಳು ಅಮ್ಮ. "ಎರಡೂ ನಾನೇ ಕಟ್ಟಿ ಹೇಳಿದ್ದು."

ಅಪ್ಪ ಚಿಕ್ಕಪ್ಪನ ಆ ಕೆಟ್ಟ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಸುಳ್ಳಿನ ಮೇಲೆ ಪ್ರಭುವಿನ ರೊಟ್ಟಿ ತಿಂದೆನಲ್ಲೋ ತಮ್ಮಾ ಎಂದು ಬಿಕ್ಕಿದರು. ಚಿಕ್ಕಪ್ಪ ಅಪ್ಪನ ಬೆನ್ನು ಸವರುತ್ತಾ, ಅತ್ತಿಗೆ ನನಗೂ ಮೋಸ ಮಾಡಿದರಣ್ಣಾ, ನಿನ್ನ ತಪ್ಪಲ್ಲ ಬಿಡು ಅಂದರು. ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದವರು ಹೀಗೆ ಅಪ್ಪಿಕೊಂಡು ಅತ್ತರು. ಕನ್ನಡಿಯ ಮಾತು ಮತ್ತೆ ಯಾರೂ ಎತ್ತಲೇ ಇಲ್ಲ, ಬೇಕಾದರೆ ನಂಬಿ. ಇಷ್ಟು ವರ್ಷ ಅಷ್ಟು ದೊಡ್ಡದಾಗಿದ್ದದ್ದು ಒಂದು ಗಳಿಗೆಯಲ್ಲಿ ಕರಗಿಹೋಯಿತು, ಯಾಕೆಂದರೆ ಇಬ್ಬರಿಗೂ ಸೇರಿ ಒಬ್ಬ ತಪ್ಪಿತಸ್ಥೆ ಸಿಕ್ಕಿದ್ದಳು. ಅಮ್ಮ ಹಾಲಿನ ಲೋಟವನ್ನು ಕಿಟಕಿಯ ಮೇಲಿಟ್ಟು ಒಳಗೆ ಹೋದಳು. ಅದು ಅಲ್ಲೇ ಕೆನೆಗಟ್ಟಿತು.

ಸಹೋದರ ತಪ್ಪಿದರೆ ಮೊದಲು ಒಬ್ಬನೇ ಹೋಗಿ ತಿಳಿಸಬೇಕು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು, ಆಗಲೂ ಕೇಳದಿದ್ದರೆ ಸಭೆಗೆ ಹೇಳಬೇಕು ಎಂದು ಒಂದು ಕ್ರಮವಿದೆ. ಅಪ್ಪ ಸಾಯುವ ಕಾಲದಲ್ಲೂ ಕ್ರಮ ತಪ್ಪಲಿಲ್ಲ. ಮೊದಲು ನನ್ನನ್ನು ಹೊರಗೆ ಕಳಿಸಿ ಅಮ್ಮನಿಗೆ ಹೇಳಿದರು, ತಪ್ಪಾಯಿತು ಅನ್ನು. ಆಮೇಲೆ ಚಿಕ್ಕಪ್ಪನನ್ನೂ ಸಭೆಯ ಹಿರಿಯರೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ನಾನು ಬಾಗಿಲ ಬಳಿ ಕೂತಿದ್ದೆ, ಅಮ್ಮ ಗೋಡೆಗೆ ಒರಗಿ ನಿಂತಿದ್ದಳು.

"ತಪ್ಪು ಅನ್ನಿಸ್ತಾ ಇಲ್ಲ" ಅಂದಳು. "ಸಮಾಧಾನ ಮಾಡಿಸೋರು ಧನ್ಯರು ಅಂತ ನೀವೇ ಓದಿ ಹೇಳಿದ್ರಿ. ನೀವಿಬ್ರೂ ಈಗ ಮಾತಾಡ್ತಾ ಇದ್ದೀರಿ. ಅನ್ನಿಸದ್ದನ್ನ ಅನ್ನಿಸ್ತು ಅಂತ ಹೇಳಿದ್ರೆ ಅದೂ ಸುಳ್ಳೇ ಆಗುತ್ತಲ್ಲ."

ಹಿರಿಯರು ಕೆಮ್ಮಿದರು. ನನಗೆ ಎದ್ದು ಚಪ್ಪಾಳೆ ತಟ್ಟಬೇಕು ಅನ್ನಿಸಿತು, ಅಷ್ಟೇ ಜೋರಾಗಿ ಅಳಬೇಕೂ ಅನ್ನಿಸಿತು. ಮಾತು ಸಭೆಗೆ ಹೋಯಿತು. ಪಾದ್ರಿಗಳು ಏನೋ ತಡೆಯಲು ನೋಡಿದರು, ನಡೆಯಲಿಲ್ಲ. ಪಶ್ಚಾತ್ತಾಪಪಡುವವರೆಗೆ ಪ್ರಭುಭೋಜನದಿಂದ ದೂರ ಇರಲಿ ಎಂದು ತೀರ್ಮಾನವಾಯಿತು. ಮುಂದಿನ ಪ್ರಭುಭೋಜನದ ಭಾನುವಾರ ಅಮ್ಮ ಹೋಗಿ ಕೂತದ್ದು ಅದೇ ಕೊನೆಯ ಬೆಂಚಿನಲ್ಲಿ, ಅಪ್ಪ ಕೂತು ಕೂತು ಬಣ್ಣ ಸವೆದ ಜಾಗದಲ್ಲಿ.

ಅಪ್ಪ ಅವಳೊಡನೆ ಮಾತು ಬಿಟ್ಟರು. ಅವಳಿಗೆ ಹೇಳು ಎಂದು ನನ್ನ ಕಡೆ ನೋಡುತ್ತಿದ್ದರು. ಕಿಟಕಿ ಮುಚ್ಚಲು ಹೇಳು. ಗಂಜಿ ಬೇಡ ಅಂತ ಹೇಳು. ಅಮ್ಮ ಅಲ್ಲೇ ಕಾಲ ಬಳಿ ಕೂತು ಅವರ ಪಾದ ನೀವುತ್ತಿರುತ್ತಿದ್ದಳು. ನೀವೇ ಹೇಳಿ, ಅವಳಿಗೇನು ಕಿವುಡಾ ಎಂದು ಒಂದೆರಡು ದಿನ ನಾನು ಜಗಳ ಮಾಡಿದೆ. ಅಪ್ಪ ಬಾಯಿ ಒಣಗಿಸಿಕೊಂಡು ಮಲಗಿದರೇ ಹೊರತು ಬಾಗಲಿಲ್ಲ. ಕೊನೆಗೆ ನಾನು ಹೊರತೊಡಗಿದೆ, ಅಪ್ಪನಿಗೆ ನೀರು ಬೇಕಂತೆ ಅಮ್ಮಾ. ಅವಳು ನನ್ನ ಬಾಯಿಂದ ಮಾತು ಬರುವವರೆಗೆ ಕಾಯುತ್ತಿದ್ದಳು, ಆಮೇಲೆ ಏಳುತ್ತಿದ್ದಳು. ಎಲ್ಲಿ ಕಲಿತಳು ಎಂದು ಕೇಳಬೇಕಾಗಿರಲಿಲ್ಲ.

ಚಿಕ್ಕಪ್ಪ ಮಾತ್ರ ದಿನವೂ ಬಂದು ಅಣ್ಣನ ಪಕ್ಕ ಕೂತು ಚಿಕ್ಕಂದಿನ ಕತೆ ಹೇಳಿ ನಗಿಸುತ್ತಿದ್ದರು. ಅವರಿಬ್ಬರ ನಗು ಕೇಳಿದರೆ ಒಳಗೆ ಪಾತ್ರೆ ತೊಳೆಯುತ್ತಿದ್ದ ಅಮ್ಮನ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಅವಳಿಗೆ ಸಂತೋಷವಾಗುತ್ತಿತ್ತು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಆ ದಿನ ಬೆಳಗಿನಿಂದ ಅಪ್ಪ ಸ್ವಲ್ಪ ಗೆಲುವಾಗಿದ್ದರು. ದಿಂಬಿಗೆ ಒರಗಿಸು ಅಂದರು. ಕೆಳಗೆ ಬೀದಿಯಲ್ಲಿ ಅಮ್ಮನ ದನಿ ಕೇಳುತ್ತಿತ್ತು. ಮೂಲೆಯ ಔಷಧಿ ಅಂಗಡಿಗೆ ಮುಂಬಾಗಿಲ ಗಾಜು ಹೊರಟಿತ್ತು, ಚಿಕ್ಕಪ್ಪ ಒಂದು ಕಡೆ, ಕೂಲಿಯವನು ಇನ್ನೊಂದು ಕಡೆ. ಎತ್ತಿ, ಎಡಕ್ಕೆ, ಮೆಲ್ಲಗೆ. ಅಪ್ಪ ಕಿಟಕಿಯಿಂದ ನೋಡುತ್ತಿದ್ದರು. ಅಮ್ಮನ ಒಂದೊಂದು ಮಾತನ್ನೂ ನಂಬಿ ತಮ್ಮ ಹೆಜ್ಜೆ ಇಡುವುದನ್ನು ನೋಡುತ್ತಾ ನೋಡುತ್ತಾ ಅವರ ಮುಖ ಮೆತ್ತಗಾಯಿತು.

"ನಾನು ಕ್ಷಮಿಸಿದ್ದೀನಿ ಅಂತ ಅವಳಿಗೆ ಹೇಳು" ಅಂದರು. ತಕ್ಷಣ ತಲೆಯಾಡಿಸಿದರು. "ಅಲ್ಲ. ಹಾಗಲ್ಲ. ನನ್ನನ್ನ ಕ್ಷಮಿಸ್ತಾಳಾ ಕೇಳು."

ಈ ಮಾತನ್ನು ನಾನು ಹೊರುವುದಿಲ್ಲ, ನೀವೇ ಹೇಳಬೇಕು, ಕರೆದುಕೊಂಡು ಬರುತ್ತೇನೆ ಅಂದೆ. ಕರಿ ಅಂದರು. ನಾನೇ ಹೇಳುತ್ತೇನೆ, ಬೇಗ ಕರಿ ಅಂದರು.

ಬರಿಗಾಲಲ್ಲಿ ಓಡಿದೆ. ಅವರು ರಸ್ತೆಯ ನಟ್ಟನಡುವೆ ಇದ್ದರು. ಆಳಿಗಿಂತ ಎತ್ತರದ ಗಾಜು ಬಿಸಿಲಿಗೆ ಹೊಳೆಯುತ್ತಿತ್ತು. ಎರಡೂ ಕಡೆ ಗಾಡಿಗಳು ನಿಂತಿದ್ದವು. ಕೂಲಿಯವನ ತೋಳು ನಡುಗುತ್ತಿತ್ತು, ಚಿಕ್ಕಪ್ಪನ ಕೆಟ್ಟ ಕೈ, ಗಾಜು ಹೊರಲು ಕೆಳಗೆ ಹಾಯಿಸಿದ ಬೆಲ್ಟಿಗೆ ಸಿಕ್ಕಿಕೊಂಡಿತ್ತು. ಅಮ್ಮ ಕೈ ಎತ್ತಿ, ಗಾಜಿನಿಂದ ಕಣ್ಣು ತೆಗೆಯದೆ, ಒಂದೊಂದೇ ಹೆಜ್ಜೆ ಹೇಳುತ್ತಿದ್ದಳು. ನಾನು ಬಾಯಿ ತೆರೆದೆ. ಅವಳು ನನ್ನ ಕಡೆ ನೋಡದೆಯೇ ಇನ್ನೊಂದು ಕೈಯನ್ನು ನನ್ನತ್ತ ಚಾಚಿ ತಡೆದಳು. ಗಾಜು ಕೈಯಲ್ಲಿದೆ. ಆ ಕೈಯ ಎದುರು ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಮಾತಾಡಿದರೆ ಏನಾಗುತ್ತದೆ ಎಂದು ಚಿಕ್ಕಪ್ಪನ ಬೆರಳು ಹೇಳುತ್ತವೆ. ಗಾಜು ರಸ್ತೆ ದಾಟಿತು. ಮೆಟ್ಟಿಲು ಹತ್ತಿತು. ಚೌಕಟ್ಟಿನಲ್ಲಿ ಕೂರಲಿಲ್ಲ, ಮತ್ತೆ ಎತ್ತಿದರು, ಮತ್ತೆ ಕೂರಿಸಿದರು. ಇಳಿಸಿ ಅಂದಳು ಅಮ್ಮ. ಆಮೇಲೆ ತಿರುಗಿ, ಏನೇ ಅಂದಳು.

ನಾವು ಹೋಗುವಷ್ಟರಲ್ಲಿ ಅಪ್ಪ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದರು. ಉಸಿರಿರಲಿಲ್ಲ. ಗಾಜಿನ ಮೇಲೆ ಬಾಯಿಯ ಹಬೆಯ ಗುರುತು ಇನ್ನೂ ಆರಿರಲಿಲ್ಲ. ಅಮ್ಮ ಅವರ ತಲೆಯನ್ನು ಮೆಲ್ಲಗೆ ದಿಂಬಿಗಿಳಿಸಿ, ಸೆರಗಿನಿಂದ ಗಾಜು ಒರೆಸಿದಳು. ನನಗೆ ತಡೆಯಬೇಕು ಅನ್ನಿಸುವಷ್ಟರಲ್ಲಿ ಒರೆಸಿಯಾಗಿತ್ತು.

ಎಲ್ಲರೂ ಬಂದು ಹೋದ ಮೇಲೆ ಹೇಳಿದೆ. ಅಪ್ಪ ಅಂದದ್ದನ್ನು ಅಂದ ಹಾಗೇ ಹೇಳಿದೆ, ಒಂದು ಮಾತು ಕೂಡಿಸಲಿಲ್ಲ, ಒಂದು ಮಾತು ಕಳೆಯಲಿಲ್ಲ. ಮೊದಲು ಕ್ಷಮಿಸಿದ್ದೀನಿ ಅಂದದ್ದು, ಆಮೇಲೆ ಅಲ್ಲ ಅಂದದ್ದು, ಆಮೇಲೆ ಅವಳ ಕ್ಷಮೆ ಕೇಳಿದ್ದು. ಪಕ್ಕದಲ್ಲಿದ್ದ ಚಿಕ್ಕಪ್ಪ, ಅಣ್ಣ ಹಾಗೆಲ್ಲ ಅನ್ನುವ ಮನುಷ್ಯ ಅಲ್ಲ, ಸತ್ತವರ ಬಾಯಿಗೆ ಮಾತು ತುರುಕಬಾರದು ಎಂದು ಎದ್ದು ಹೋದರು. ಅವರನ್ನು ಬಿಡಿ. ಅಮ್ಮ ಪೂರ್ತಿ ಕೇಳಿದಳು. ಕೇಳಿ ನನ್ನ ಕೆನ್ನೆ ಸವರಿದಳು.

"ಒಳ್ಳೇ ಮಗಳು ನೀನು" ಅಂದಳು.

"ನಿಜವಾಗ್ಲೂ ಹೇಳಿದ್ರು ಅಮ್ಮಾ."

"ಹೂಂ. ನಾನೂ ಹೀಗೇ ಹೇಳಿದ್ದೆ. ಇಷ್ಟೇ ಚೆನ್ನಾಗಿ ಹೇಳಿದ್ದೆ."

ಆಣೆ ಇಡೋಣವೆಂದರೆ ನಮ್ಮಲ್ಲಿ ಆಣೆ ಇಡುವ ಹಾಗಿಲ್ಲ, ಹೌದು ಎಂದರೆ ಹೌದು ಎಂದಷ್ಟೇ. ಹೌದಮ್ಮಾ ಅಂದೆ, ಹೌದಮ್ಮಾ, ಹೌದು. ಅವಳು ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು, ಅಳಬೇಡ, ನನಗೆ ಬೇಜಾರಿಲ್ಲ ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಈಗಲೂ ಪ್ರಭುಭೋಜನದ ಭಾನುವಾರ ಅವಳು ಆ ಬೆಂಚಿನಲ್ಲೇ ಕೂರುತ್ತಾಳೆ. ಪಕ್ಕದಲ್ಲಿ ನಾನು. ಬಟ್ಟಲು ಬಂದಾಗ ದಾಟಿಸುತ್ತಾಳೆ, ನಾನೂ ದಾಟಿಸುತ್ತೇನೆ, ಯಾಕೆಂದರೆ ಚಿಕ್ಕಪ್ಪನ ಮೇಲೆ ನನಗಿರುವ ಸಿಟ್ಟು ಇಳಿದಿಲ್ಲ. ಮನೆಗೆ ಬರುವ ದಾರಿಯಲ್ಲಿ ಅಪ್ಪನ ಆ ಮಾತನ್ನು ಮತ್ತೊಮ್ಮೆ ಹೇಳುತ್ತೇನೆ. ಹೂಂ ಅನ್ನುತ್ತಾಳೆ, ಆಮೇಲೆ ರಾತ್ರಿಗೆ ಏನು ಅಡುಗೆ ಮಾಡಲಿ ಎಂದು ಕೇಳುತ್ತಾಳೆ.